ಅಂಚೆಚೀಟಿಯಿಲ್ಲದ ಕಾರ್ಡುಗಳು

ಅಂಚೆಚೀಟಿ ಕೂಡಿಡುವುದು ಶಾಲಾ ಹುಡುಗರ ಹವ್ಯಾಸ, ಮೀಸೆ ಬಂದ ಮೇಲೆ ಅದನ್ನು ಬಿಟ್ಟುಬಿಡಬೇಕು ಎಂಬುದು ನಮ್ಮಲ್ಲಿ ಅನೇಕರ ಅಭಿಪ್ರಾಯ. ನಾನೂ ಹಾಗೆಯೇ ಬಿಟ್ಟವನು. ಬಿ.ಎಸ್‌ಸಿ. ಮುಗಿಸಿ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಮುಂಬಯಿಗೆ ಬಂದು, ಕೊನೆಗೆ ಈ ರಬಾಳೆಯಲ್ಲಿ ಮನೆ ಮಾಡುವ ಹೊತ್ತಿಗೆ ನನ್ನ ಅಲ್ಬಮ್ ಊರಿನ ಅಟ್ಟ ಸೇರಿ ಎಷ್ಟೋ ವರ್ಷಗಳಾಗಿದ್ದವು.

ಹಳೆಯ ಗೀಳು ಮರುಕಳಿಸಿದ್ದು ಕೆಲವು ವರ್ಷಗಳ ಹಿಂದೆ, ಫೋರ್ಟಿನ ಫುಟ್‌ಪಾತಿನಲ್ಲಿ. ಹಳೆಯ ನಾಣ್ಯ, ನೋಟು, ಕಾಗದಗಳನ್ನು ಹರಡಿಕೊಂಡು ಕುಳಿತಿದ್ದ ವ್ಯಾಪಾರಿಯೊಬ್ಬನ ರಾಶಿಯಲ್ಲಿ ಮಾಸಲು ಬಣ್ಣದ ಕಾರ್ಡೊಂದು ಕೈಗೆ ಬಂತು. ಚೀಟಿ ಅಂಟಿಸುವ ಜಾಗ ಖಾಲಿ. ಯುದ್ಧಕೈದಿಯ ಪತ್ರವೆಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಹಮದ್‌ನಗರದ ಅಂಚೆ ಮೊಹರಿತ್ತು. ಮಗ್ಗುಲಲ್ಲಿ ಸೆನ್ಸಾರಿನವರ ನೇರಳೆ ಮುದ್ರೆ. ಬರಹವೋ, ಮಳೆಗಾಲದಲ್ಲಿ ಅಂಗಳದ ಮೇಲೆ ಎರೆಹುಳು ಹರಿದಾಡಿದಂತಿತ್ತು. "ಜರ್ಮನ್ ಹೈ ಸಾಬ್, ಟಿಕೆಟ್ ನಹೀ ಹೈ, ಇಸೀಲಿಯೆ ಸಸ್ತಾ" ಎಂದ ವ್ಯಾಪಾರಿ. ಕೊಂಡುಬಿಟ್ಟೆ. ಚೀಟಿ ಏಕಿಲ್ಲ ಎಂಬ ಪ್ರಶ್ನೆಯ ಬೆನ್ನು ಹತ್ತಿ ಅಂದಿನಿಂದ ಎಲ್ಲೆಲ್ಲೋ ಅಲೆದಿದ್ದೇನೆ. ವಾಚಕರನ್ನೂ ಸ್ವಲ್ಪ ದೂರ ಕರೆದೊಯ್ಯುವ ಆಸೆ.

1907ರ ಹೇಗ್ ಒಪ್ಪಂದದ ಪ್ರಕಾರ ಯುದ್ಧಕೈದಿಗಳು ಬರೆಯುವ, ಅವರಿಗೆ ಬರುವ ಪತ್ರಗಳಿಗೆ ಅಂಚೆ ವೆಚ್ಚವಿಲ್ಲ. ಕೈದಿಗಳ ಮಾತು ಹಾಗಿರಲಿ, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರಿಗೂ ಕಾರ್ಡು ಮತ್ತು ಸಾಧಾರಣ ತೂಕದ ಪತ್ರಗಳು ಪುಕ್ಕಟೆಯಾಗಿದ್ದವು. 'ಫೆಲ್ಡ್‌ಪೋಸ್ಟ್' ಎಂದು ಮೇಲೆ ಬರೆದರೆ ಸಾಕು. ನಾಲ್ಕು ವರ್ಷಗಳಲ್ಲಿ ಹೀಗೆ ರಣರಂಗಕ್ಕೂ ಮನೆಗೂ ನಡುವೆ ಓಡಾಡಿದ ಟಪಾಲು ಸುಮಾರು 2,870 ಕೋಟಿ ಎಂದು ಲೆಕ್ಕ ಹೇಳುತ್ತಾರೆ. ಇಷ್ಟೊಂದು ಟಪಾಲಿನ ಬಹುಪಾಲಿಗೆ ಚೀಟಿಯೇ ಇಲ್ಲದ್ದರಿಂದ ಬಹಳ ಕಾಲ ಸಂಗ್ರಾಹಕರು ಅದರತ್ತ ತಿರುಗಿಯೂ ನೋಡಲಿಲ್ಲ. ಚೀಟಿಯನ್ನು ಬಿಟ್ಟು ಮೊಹರನ್ನು ಓದಲು ಕಲಿತವರಿಗೆ ಮಾತ್ರ ಅದರ ಬೆಲೆ ಗೊತ್ತಾಯಿತು.

ಮೊಹರು ಓದುವುದರಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು ಯುದ್ಧನೌಕೆಗಳ ಅಂಚೆ. 1895ರಿಂದ ಜರ್ಮನ್ ನೌಕಾಪಡೆಯ ಹಡಗುಗಳಿಗೆ ತಮ್ಮದೇ ಅಂಚೆ ವ್ಯವಸ್ಥೆ ಇತ್ತು. ಅದರ ಮೊಹರಿನಲ್ಲಿ ಹಡಗಿನ ಹೆಸರಿಲ್ಲ, ಊರಿನ ಹೆಸರಿಲ್ಲ. 'ಮರೀನೆ ಶಿಫ್ಸ್‌ಪೋಸ್ಟ್' ಎಂದು ಬರೆದು ಒಂದು ಸಂಖ್ಯೆ, ಮತ್ತು ತಾರೀಕು. ಯಾವ ದಿನ ಯಾವ ಸಂಖ್ಯೆ ಯಾವ ಹಡಗಿನದು ಎಂಬುದಕ್ಕೆ ಪಟ್ಟಿಯನ್ನೇ ನೋಡಬೇಕು, ಏಕೆಂದರೆ ಒಂದು ಹಡಗಿನ ಸಂಖ್ಯೆ ಮುಂದೆ ಇನ್ನೊಂದಕ್ಕೆ ಹೋಗುತ್ತಿತ್ತು. ಖೋಟಾ ಕಾರ್ಡು ಮಾಡುವವರು ಸಿಕ್ಕಿಬೀಳುವುದೂ ಇಲ್ಲಿಯೇ. ಮೊಹರು ಚೆನ್ನಾಗಿಯೇ ಇರುತ್ತದೆ, ಆದರೆ ಆ ತಾರೀಕಿಗೆ ಆ ಹಡಗಿನ ಬಳಿ ಆ ಸಂಖ್ಯೆ ಇರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಈ ಗುಟ್ಟು ಇನ್ನೂ ಬಿಗಿಯಾಗಿ, ಎಲ್ಲ ಪಡೆಗಳಿಗೂ ಐದಂಕಿಯ ಸಂಖ್ಯೆಗಳು ಬಂದವು. ನೌಕಾಪಡೆಯದಾದರೆ ಹಿಂದೆ 'ಎಂ' ಅಕ್ಷರ.

ಜರ್ಮನ್ ಯುದ್ಧನೌಕೆಯೆಂದರೆ ನಮ್ಮ ದೇಶದವರಿಗೆ ನೆನಪಾಗುವುದು 'ಎಂಡೆನ್' ಒಂದೇ. 1914ರ ಸೆಪ್ಟೆಂಬರ್ 22ರ ರಾತ್ರಿ ಅದು ಮದರಾಸಿನ ಮೇಲೆ ಗುಂಡು ಹಾರಿಸಿ ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ ಕಥೆ ಅನೇಕರಿಗೆ ಗೊತ್ತು. ಅದಕ್ಕೂ ಹನ್ನೆರಡು ದಿನ ಮುಂಚೆ ಅದು ಮುಳುಗಿಸಿದ 'ಇಂಡಸ್' ಹಡಗು ಕಲಕತ್ತೆಯಿಂದ ನಮ್ಮ ಮುಂಬಯಿಗೇ ಬರುತ್ತಿತ್ತು, ಇಲ್ಲಿಂದ ಸೈನಿಕರನ್ನೂ ಕುದುರೆಗಳನ್ನೂ ಒಯ್ಯುವುದಕ್ಕಾಗಿ. ಸಾಬೂನಿಲ್ಲದೆ ಪೇಚಾಡುತ್ತಿದ್ದ ಎಂಡೆನ್ನಿನ ನಾವಿಕರಿಗೆ ಅದರಲ್ಲಿ ಪೆಟ್ಟಿಗೆಗಟ್ಟಲೆ ಸಾಬೂನು ಸಿಕ್ಕಿತಂತೆ! ಎರಡು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳನ್ನು ಹಿಡಿದ ಎಂಡೆನ್ ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ 'ಸಿಡ್ನಿ' ನೌಕೆಯ ಹೊಡೆತಕ್ಕೆ ನಾಶವಾಯಿತು. ಬದುಕುಳಿದವರಲ್ಲಿ ಹೆಚ್ಚಿನವರನ್ನು ಮಾಲ್ಟಾದಲ್ಲಿ ಸೆರೆಯಿಟ್ಟರು. ಜರ್ಮನಿಯಲ್ಲಿ ಎಂಡೆನ್ನಿನ ಚಿತ್ರವಿರುವ ಪೋಸ್ಟ್‌ಕಾರ್ಡುಗಳು ರಾಶಿರಾಶಿಯಾಗಿ ಅಚ್ಚಾದವು, ಇಂದಿಗೂ ಸುಲಭವಾಗಿ ಸಿಗುತ್ತವೆ. ಆದರೆ ಬಂಗಾಳ ಕೊಲ್ಲಿಯಲ್ಲಿ ತಲೆಮರೆಸಿಕೊಂಡು ಅಲೆಯುತ್ತಿದ್ದ ಹಡಗಿಗೆ ಟಪಾಲು ತರುವವರು ಯಾರು, ಒಯ್ಯುವವರು ಯಾರು? ಚಿತ್ರದ ಕಾರ್ಡು ನೂರು ನೋಡಿದರೂ ಆ ಎರಡು ತಿಂಗಳ ಸುದ್ದಿ ಒಂದರಲ್ಲೂ ಇರುವುದಿಲ್ಲ.

ನನ್ನ ಕಾರ್ಡು ಎಂಡೆನ್ನಿನದಲ್ಲ. ಜರ್ಮನ್ ಬಲ್ಲ ಹಿರಿಯ ಮಿತ್ರರೊಬ್ಬರು ಪುಣೆಯಲ್ಲಿದ್ದಾರೆ. ಅವರಿಗೂ ಅದನ್ನು ಓದಲು ಎರಡು ಭಾನುವಾರ ಹಿಡಿಯಿತು, ಏಕೆಂದರೆ ಬರೆದದ್ದು ಈಗ ಜರ್ಮನರೇ ಮರೆತಿರುವ ಹಳೆಯ ಕೂಡುಲಿಪಿಯಲ್ಲಿ. ಬರೆದವನು ವ್ಯಾಪಾರೀ ಹಡಗಿನ ನೌಕರ. 1914ರ ಆಗಸ್ಟಿನಲ್ಲಿ ಯುದ್ಧ ಘೋಷಣೆಯಾದಾಗ ನಮ್ಮ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ಸರಕಾರ ವಶಪಡಿಸಿಕೊಂಡು ಜನರನ್ನು ಅಹಮದ್‌ನಗರದ ಶಿಬಿರಕ್ಕೆ ಕಳಿಸಿತಷ್ಟೆ, ಅವರಲ್ಲೊಬ್ಬ. ತಾಯಿಗೆ ಬರೆದಿದ್ದಾನೆ: ಆರೋಗ್ಯವಾಗಿದ್ದೇನೆ, ಪಾರ್ಸೆಲ್ ತಲಪಿತು, ಸೆಖೆಯ ಬಗ್ಗೆ ಚಿಂತೆ ಬೇಡ. ಇಷ್ಟೇ. ಸೆನ್ಸಾರಿನವನು ಓದುತ್ತಾನೆಂದು ಗೊತ್ತಿರುವವನು ಇನ್ನೇನು ಬರೆದಾನು?

ಅಹಮದ್‌ನಗರವೆಂದರೆ ನಮಗೆ ನೆಹರೂ 1942ರಿಂದ 1945ರವರೆಗೆ ಸೆರೆಯಲ್ಲಿದ್ದ ಕೋಟೆ ನೆನಪಾಗುತ್ತದೆ. ಊರಿನ ಹೆಸರು 2024ರಲ್ಲಿ ಅಹಿಲ್ಯಾನಗರವೆಂದು ಬದಲಾಗಿದೆ. ಎರಡೂ ಮಹಾಯುದ್ಧಗಳಲ್ಲಿ ಅಲ್ಲಿ ಜರ್ಮನರನ್ನು ಕೂಡಿಹಾಕಿದ್ದರು. ಟಿಬೆಟ್ಟಿಗೆ ತಪ್ಪಿಸಿಕೊಂಡು ಹೋಗಿ ಹೆಸರಾದ ಹೈನ್ರಿಖ್ ಹಾರರ್ ಕೂಡ ಡೆಹರಾಡೂನಿಗೆ ಹೋಗುವ ಮುಂಚೆ ಅಲ್ಲಿಯೂ ದೇವಳಾಲಿಯಲ್ಲಿಯೂ ಇದ್ದವನೇ. ಮುಂಬಯಿಯಿಂದ ಅಲ್ಲಿಗೆ ಟಪಾಲು ಹೋಗಬೇಕಾದರೆ ಪುಣೆ–ದೌಂಡ್ ದಾರಿಯಾಗಲಿ, ಮನಮಾಡ್ ದಾರಿಯಾಗಲಿ, ರೈಲು ಠಾಣೆ, ಕಲ್ಯಾಣ ದಾಟಲೇಬೇಕು. ದಿನವೂ ಲೋಕಲ್ ಗಾಡಿಯಲ್ಲಿ ನೇತಾಡುವ ನಮ್ಮ ಡೊಂಬಿವಲಿ, ಕಲ್ಯಾಣದ ಬಂಧುಗಳು ಆ ಚೀಲಗಳ ದಾರಿಯಲ್ಲೇ ಓಡಾಡುತ್ತಿದ್ದಾರೆ.

ಹಾಗೆಯೇ ಮುಂಬಯಿಯ ಜಿ.ಪಿ.ಓ. ನಮ್ಮ ಬಿಜಾಪುರದ ಗೋಲಗುಮ್ಮಟದ ಮಾದರಿಯ ಗುಮ್ಮಟ ಹೊತ್ತ ಆ ಕಟ್ಟಡ ಮುಗಿದದ್ದು 1913ರಲ್ಲಿ, ಮರುವರ್ಷವೇ ಯುದ್ಧ. ವಿಲಾಯತಿಯ ಟಪಾಲು ಬರುತ್ತಿದ್ದುದು ಪಿ ಅಂಡ್ ಓ ಕಂಪೆನಿಯ ಹಡಗುಗಳಲ್ಲಿ. ಅವುಗಳಲ್ಲೊಂದಾದ 'ಪರ್ಷಿಯಾ' ಮುಂಬಯಿಗೆ ಬರುತ್ತಿದ್ದಾಗ 1915ರ ಡಿಸೆಂಬರ್ 30ರಂದು ಕ್ರೀಟ್ ದ್ವೀಪದ ಬಳಿ ಜರ್ಮನ್ ಜಲಾಂತರ್ಗಾಮಿಯೊಂದು ಮುನ್ಸೂಚನೆಯಿಲ್ಲದೆ ಅದನ್ನು ಹೊಡೆದು ಮುಳುಗಿಸಿತು. 343 ಮಂದಿ ಸತ್ತರು. ಅದರಲ್ಲಿದ್ದ ಚೀಲಗಳಲ್ಲಿ ಅಹಮದ್‌ನಗರದ ಕೈದಿಗಳಿಗೆ ಅವರ ಮನೆಯವರು ಬರೆದ ಕಾರ್ಡುಗಳೂ ಇದ್ದಿರಬಹುದಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ನಮ್ಮ ಕನ್ನಡನಾಡಿನ ಮಾತು. 1834ರಿಂದ ಮಂಗಳೂರಿನಲ್ಲಿದ್ದ ಬಾಸೆಲ್ ಮಿಷನ್ ಸ್ವಿಸ್ ಸಂಸ್ಥೆಯಾದರೂ ಅದರ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನರು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಜರ್ಮನರೇ. ಕಿಟೆಲ್ 1903ರಲ್ಲಿ ತೀರಿಕೊಂಡದ್ದರಿಂದ ಮುಂದಿನದನ್ನು ನೋಡಬೇಕಾಗಲಿಲ್ಲ. ಯುದ್ಧ ಬಂದದ್ದೇ ತಡ, ಅದೇ ಮಿಷನ್ನಿನ ಜರ್ಮನ್ ಪಾದ್ರಿಗಳೂ ಕಾರ್ಖಾನೆಯ ಮೇಲಧಿಕಾರಿಗಳೂ ಶತ್ರುದೇಶದ ಪ್ರಜೆಗಳಾದರು. ಗಂಡಸರು ಅಹಮದ್‌ನಗರಕ್ಕೆ ಹೋದರು. ಹೆಂಗಸರು ಮಕ್ಕಳಿಗಾಗಿ ಬೆಳಗಾವಿಯಲ್ಲಿ ಶಿಬಿರವಿತ್ತು. ಬಳ್ಳಾರಿಯಲ್ಲಿ ತುರ್ಕಿ ಕೈದಿಗಳಿದ್ದರು. ರೆಡ್ ಕ್ರಾಸಿನ ಪ್ರತಿನಿಧಿಗಳು 1917ರಲ್ಲಿ ಇವನ್ನೆಲ್ಲ ನೋಡಿಹೋದರು. ಅದಕ್ಕೆ ಮುಂಚೆಯೇ, 1915–16ರಲ್ಲಿ, ಅನೇಕ ಪಾದ್ರಿಗಳನ್ನೂ ಕುಟುಂಬಗಳನ್ನೂ 'ಗೋಲ್ಕೊಂಡಾ' ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಹಾಕಿದ್ದಾಗಿತ್ತು. ಹಂಚಿನ ಕಾರ್ಖಾನೆಗಳು ಯುದ್ಧದ ತರುವಾಯ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ನಮ್ಮ ಮುತ್ತಜ್ಜ ಮಂಗಳೂರಿನ ಆ ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಜರ್ಮನ್ ದೊರೆಗಳ ಕೈಕೆಳಗೆ ಕೆಲಸ ಮಾಡಿದ್ದೆಂದು ಅಜ್ಜ ಹೇಳುತ್ತಿದ್ದರು. ಅವರ ತಗಡಿನ ಪೆಟ್ಟಿಗೆಯೊಂದು ಊರಿನ ಮನೆಯಲ್ಲಿತ್ತು. ನನಗಾಗ ಹತ್ತೋ ಹನ್ನೊಂದೋ ವರ್ಷ, ಅಂಚೆಚೀಟಿಯ ಹುಚ್ಚು ನೆತ್ತಿಗೇರಿತ್ತು. ಬೇಸಗೆ ರಜೆಯಲ್ಲಿ ಆ ಪೆಟ್ಟಿಗೆ ತೆಗೆದು ಚೀಟಿಯಿದ್ದ ಕಾರ್ಡು, ಲಕೋಟೆಗಳ ಮೂಲೆಯನ್ನೆಲ್ಲ ಕತ್ತರಿಯಿಂದ ಕತ್ತರಿಸಿಕೊಂಡೆ. ಚೀಟಿಯಿಲ್ಲದವನ್ನು ದೊಡ್ಡಮ್ಮನಿಗೆ ಕೊಟ್ಟೆ, ಅವರು ಬಚ್ಚಲೊಲೆಗೆ ಹಾಕಿದರು. ಅವುಗಳಲ್ಲಿ ಒಂದರ ಮೇಲೆ ದುಂಡನೆಯ ನೇರಳೆ ಮುದ್ರೆ ಇತ್ತು, ಮತ್ತು ನನಗೆ ಓದಲಾಗದ ಓರೆ ಅಕ್ಷರ. "ಇದು ಯಾವ ಭಾಷೆ ದೊಡ್ಡಮ್ಮ?" ಎಂದು ಕೇಳಿದ್ದು ನೆನಪಿದೆ. "ಯಾವುದಾದರೇನು ಮಗಾ, ನೀರು ಕಾದರೆ ಸರಿ" ಎಂದಿದ್ದರು.

ಅದು ಅಹಮದ್‌ನಗರದ್ದೇ ಎಂದು ಪ್ರಮಾಣ ಮಾಡಲಾರೆ. ಶಿಬಿರದಲ್ಲಿ ಕೂತ ದೊರೆಯೊಬ್ಬ ತನ್ನ ಹಳೆಯ ರೈಟರಿಗೆ ಜರ್ಮನಿನಲ್ಲಿ ಏಕೆ ಬರೆದಾನು ಎಂಬ ತರ್ಕವೂ ಇದೆ; ಮನೆಯವರಿಗೆ ಬರೆದದ್ದು ಮುತ್ತಜ್ಜನ ಕೈಯಲ್ಲಿ ಉಳಿದಿತ್ತೋ ಏನೋ. ಫೋರ್ಟಿನಲ್ಲಿ ಆ ಕಾರ್ಡನ್ನು ಕೈಯಲ್ಲಿ ಹಿಡಿದಾಗ ಮೊದಲು ಮೂಗಿಗೆ ಬಂದದ್ದು ಬಚ್ಚಲೊಲೆಯ ಹೊಗೆಯ ವಾಸನೆ ಎಂದರೆ ವಾಚಕರು ನಗಬಾರದು.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಪೆಟ್ಟಿಗೆಯನ್ನು ಮತ್ತೆ ತೆಗೆಸಿದೆ. ಇರಲೆಗಳು ತಿಂದು ಬಿಟ್ಟ ಕಾಗದಗಳ ನಡುವೆ ಕಾರ್ಡೊಂದು ಉಳಿದಿತ್ತು, 1916ರದ್ದು, ಕನ್ನಡದಲ್ಲಿ, ಮುತ್ತಜ್ಜನಿಗೆ ಅವರ ಜೊತೆಯ ರೈಟರೊಬ್ಬರು ಬರೆದದ್ದು. ಕಾರ್ಖಾನೆಯಲ್ಲಿ ಹೊಸ ಸಾಹೇಬರು ಬಂದಿದ್ದಾರೆ, ಹಳೆಯ ದೊರೆಯವರಿಂದ ಕಾಗದ ಬಂದಿದೆ, ಅವರು ಕೇಳಿದ್ದೇನೆಂದರೆ ಎಂಬಲ್ಲಿಗೆ ಸಾಲು ಮೂಲೆಗೆ ಬರುತ್ತದೆ. ಆ ಮೂಲೆಯ ಹಿಂಬದಿಯಲ್ಲಿ ಚೀಟಿಯಿತ್ತು. ಅಲ್ಲಿ ಈಗ ಕತ್ತರಿಯಿಂದ ನೀಟಾಗಿ ಕತ್ತರಿಸಿದ ಚೌಕವಿದೆ.