ಕೆಡವೂದೋ, ಇಟ್ಕೊಳ್ಳೂದೋ?

ನಮ್ಮ ಬೈರಿದೇವರಕೊಪ್ಪದ ಹಳೇ ಓಣಿಗಳಲ್ಲಿ ಒಂದು ವಾದ ಮುಗಿಯೋದೇ ಇಲ್ಲ. ಹಳೇ ಮನಿ ರಿಪೇರಿ ಮಾಡೂದೋ, ಕೆಡವಿ ಹೊಸದು ಕಟ್ಟೂದೋ? ನಮ್ಮ ಮನೆಯಲ್ಲಿ ಇದು ಎರಡು ವರ್ಷದಿಂದ ನಡೆದಿದೆ. ಅಣ್ಣ ಕೆಡವೋಣ ಅಂತಾನೆ. ಅವ್ವ "ನಾ ಇರೂತನಾ ಬ್ಯಾಡ" ಅಂತಾಳೆ. ಇಬ್ಬರೂ ಕಡೆಗೆ ಫೋನ್ ಮಾಡೋದು ನನಗೆ: "ನೀ ಇಂಜಿನಿಯರ್ ಅದೀ, ಹೇಳಪಾ." ನಂದು ಕಂಪ್ಯೂಟರ್ ಸೈನ್ಸು, ಸಿವಿಲ್ ಅಲ್ಲ ಅನ್ನೋದು ಊರಲ್ಲಿ ಲೆಕ್ಕಕ್ಕಿಲ್ಲ. ಹಳೇ ಕೋಡ್ ಮುಟ್ಟೋ ಮೊದಲು ಅದರ ಹಿಸ್ಟರಿ ನೋಡೋದು ನಮ್ಮ ಕಸುಬಿನ ರೂಢಿ. ಮನೆಗೂ ಅದನ್ನೇ ಮಾಡಿದೆ.

ಮೊದಲು ಗೊತ್ತಾಗಿದ್ದು, ನಮ್ಮ ಮನೆ ಒಂದೇ ಸಲ ಕಟ್ಟಿದ್ದಲ್ಲ. ಮುಂದಿನ ಪಡಸಾಲಿ ಮತ್ತು ಅಡಗಿಮನಿ ಅಜ್ಜನ ಕಾಲದ್ದು: ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಕಟ್ಟಿಗೆಯ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಹಿಂದಿನ ಖೋಲಿಗೆ ಮಂಗಳೂರು ಹಂಚು. ಬಚ್ಚಲಮನಿ ಮಾತ್ರ ಅಪ್ಪ ಕಟ್ಟಿಸಿದ ಸಿಮೆಂಟಿನದು. ಮೂರು ಕಾಲ ಒಂದೇ ಬಾಗಿಲ ಒಳಗೆ ಇವೆ.

ಹಂಚಿನ ಕತೆ ದೊಡ್ಡದು. ಬಾಸೆಲ್ ಮಿಶನ್‌ನವರು 1837ರಲ್ಲೇ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿದ್ದರು. ಅದೇ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಆ ನಮೂನೆ ಹಂಚು ಮುಂದೆ ಕರಾವಳಿ ದಾಟಿ ಎಲ್ಲ ಕಡೆ ಹೋಯಿತು. ಅಂದರೆ ಈಗ ನಾವು "ಪಾರಂಪರಿಕ" ಅಂತ ಫೋಟೋ ಹಾಕೋ ಹಂಚಿನ ಮನೆಯೂ ಒಂದು ಕಾಲಕ್ಕೆ ಹೊಸ ಫ್ಯಾಷನ್ನೇ. ನಮ್ಮ ಹಿರಿಯರು ಹಳೇದನ್ನು ಪೂಜೆ ಮಾಡುತ್ತ ಕೂತಿರಲಿಲ್ಲ. ಅನುಕೂಲ ಕಂಡಿದ್ದನ್ನು ಸೇರಿಸಿಕೊಂಡರು, ಗಟ್ಟಿ ಇದ್ದಿದ್ದನ್ನು ಇಟ್ಟುಕೊಂಡರು.

ಹಾಗಾದರೆ ಮಣ್ಣಿನ ಮನೆ ಯಾಕೆ ಬೀಳ್ತಾವ? 2019ರ ಆಗಸ್ಟ್ ಮಳೆ ನೆನಪಿರಬೇಕು. ಧಾರವಾಡ, ಬೆಳಗಾವಿ, ಹಾವೇರಿ, ಬಾಗಲಕೋಟೆ ಕಡೆ ಮನೆಗಳು ಸಾಲುಸಾಲಾಗಿ ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಭಯ ಸುಳ್ಳಲ್ಲ. ಗೋಡೆಯ ಬುಡಕ್ಕೆ ನೀರು ನಿಂತರೆ ಮಣ್ಣು ಮೆತ್ತಗಾಗುತ್ತೆ. ಅಡಿಪಾಯದ ಕೆಳಗೆ ಎರೆಮಣ್ಣು ಇದ್ದರೆ ಇನ್ನೂ ಕಷ್ಟ. ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತೆ, ಗೋಡೆಯೂ ಜೊತೆಗೆ ಸೀಳುತ್ತೆ. ಇದರ ಮೇಲೆ ನಾವು ಮಾಡೋ ಉಪಕಾರ ಒಂದಿದೆ: ಚಂದ ಕಾಣಲಿ ಅಂತ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು. ಮಣ್ಣು ಹೀರಿದ ತೇವ ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತೆ. ಹೊರಗಿಂದ ಗೋಡೆ ಗಟ್ಟಿ, ಒಳಗೆ ಹುಡಿ.

ಹಿಂದೆ ಈ ಮನೆಗಳು ತಡೆದಿದ್ದು ದುಡಿಮೆಯಿಂದ. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆ ಹತ್ತಿ ಹೊಸ ಮಣ್ಣು ಹಾಕಿ ಬಡಿಯೋರು, ಗೋಡೆ ಸಾರಿಸೋರು, ನೀರು ಹೋಗೋ ದಾರಿ ಬಿಡಿಸೋರು. ಹದಿನೈದು ಮಂದಿ ಇದ್ದ ಮನೆಗೆ ಅದು ಕೆಲಸವೇ ಅಲ್ಲ. ಈಗ ನಮ್ಮ ಮನೆಯಲ್ಲಿ ಇರೋದು ನಾಲ್ಕೇ ಜನ.

"ಅದಕ್ಕ ಆರ್‌ಸಿಸಿ ಹಾಕೂಣು, ಕಿರಿಕಿರಿನ ಇಲ್ಲ" ಅಂತಾನೆ ಅಣ್ಣ. ಅದಕ್ಕೂ ಇತಿಹಾಸ ಉತ್ತರ ಕೊಡುತ್ತೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದು 19 ಜನರನ್ನು ಬಲಿ ತೆಗೆದುಕೊಂಡದ್ದು ಮಣ್ಣಿನ ಮನೆಯಲ್ಲ. ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಾಂಕ್ರೀಟ್ ಕಟ್ಟಡ. ಕಾಂಕ್ರೀಟ್ ಹೊಸದು ಅಂದಮಾತ್ರಕ್ಕೆ ಗಟ್ಟಿ ಅಲ್ಲ.

ರಿಪೇರಿ ಪರ ಇರೋರಿಗೂ ಒಂದು ಪಾಠ ಇದೆ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ ಧಾರವಾಡದ ಶುಕ್ರವಾರಪೇಟೆಯ ಮನೆಯನ್ನು ದುರಸ್ತಿ ಮಾಡಿ ಸ್ಮಾರಕ ಮಾಡಿದರು. ಆಮೇಲೆ ನೋಡಿಕೊಳ್ಳೋರಿಲ್ಲದೆ ಅದು ಮತ್ತೆ ಶಿಥಿಲವಾಯಿತು. ದುರಸ್ತಿ ಅನ್ನೋದು ಒಂದು ಸಲ ದುಡ್ಡು ಸುರಿದು ಮರೆಯೋ ಕೆಲಸ ಅಲ್ಲ.

ನಮ್ಮೂರಲ್ಲಿ ಈ ವಾದಕ್ಕೆ ಇನ್ನೊಬ್ಬ ಪಾಲುದಾರ ಇದ್ದಾನೆ: ರಸ್ತೆ. 1962ರಲ್ಲಿ ಹುಬ್ಬಳ್ಳಿ–ಧಾರವಾಡ ಒಂದೇ ಮಹಾನಗರಪಾಲಿಕೆ ಆದಮೇಲೆ ನಡುವಿನ ಹಳ್ಳಿಗಳು ನಿಧಾನಕ್ಕೆ ಶಹರ ಆದವು. ಬಿಆರ್‌ಟಿಎಸ್ ಬಂದಮೇಲೆ ಆ ನಿಧಾನವೂ ಹೋಯಿತು. ಆ ರಸ್ತೆಗಾಗಿ 2022ರ ಡಿಸೆಂಬರಿನಲ್ಲಿ ನಮ್ಮೂರಿನ ಹಳೇ ದರ್ಗಾವನ್ನೇ ಪೊಲೀಸ್ ಬಂದೋಬಸ್ತಿನಲ್ಲಿ ತೆರವು ಮಾಡಿದರು. ರಸ್ತೆ ದಂಡೆಯ ಮನೆಗಳಿಗೆ "ಕೆಡವೂದೋ ಬ್ಯಾಡೋ" ಅಂತ ಕೇಳೋ ಭಾಗ್ಯವೂ ಇರಲಿಲ್ಲ. ಓಣಿ ಒಳಗಿರೋ ನಮಗೆ ಆಯ್ಕೆ ಇದೆ. ಬಾಡಿಗೆ ಆಸೆಯೂ ಇದೆ, ಮತ್ತು ಅದು ತಪ್ಪಲ್ಲ. ಅಣ್ಣನಿಗೆ ಇಬ್ಬರು ಮಕ್ಕಳ ಫೀ ಕಟ್ಟಬೇಕು.

ಕೊನೆಗೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿದೆವು. ಅವರು ಮೊದಲು ನೋಡಿದ್ದು ಗೋಡೆಯೊಳಗೆ ಕೂತ ತೊಲೆಗಳ ತುದಿ. ಗೆದ್ದಲು, ತೇವ ಶುರುವಾಗೋದು ಅಲ್ಲಿಂದ. ಮುಂದಿನ ತೊಲೆಗಳು ಗಟ್ಟಿ ಇವೆ. ಹಿಂದಿನ ಖೋಲಿಯ ಗೋಡೆ ಸಿಮೆಂಟ್ ಗಿಲಾವಿನ ಒಳಗೆ ಹೋಗಿಬಿಟ್ಟಿದೆ. ಇನ್ನೊಂದು ಮಾತು ಹೇಳಿದರು: ಪಡಸಾಲಿಯ ಎಡಗಡೆ ಗೋಡೆ ನಮಗೂ ಕಾಕಾನ ಮನೆಗೂ ಒಂದೇ. ನಾವು ಕೆಡವಿದರೆ ಅವರ ಜಂತಿ ಗಾಳಿಯಲ್ಲಿ ನಿಲ್ಲುತ್ತವೆ.

ಹಂಗಾಗಿ ಈ ಬೇಸಿಗೆಗೆ ಹಿಂದಿನ ಖೋಲಿ ಮತ್ತು ಬಚ್ಚಲಮನಿ ಕೆಡವಿ, ಸರಿಯಾದ ಅಡಿಪಾಯ ಹಾಕಿ ಹೊಸದು ಕಟ್ಟುತ್ತೇವೆ. ಮೇಲೊಂದು ಬಾಡಿಗೆ ಮನೆ. ಮುಂದಿನ ಭಾಗ ಉಳಿಯುತ್ತೆ: ಸುಣ್ಣದ ಗಿಲಾವು, ಗೋಡೆ ಬುಡಕ್ಕೆ ಕಲ್ಲು, ನೀರಿಗೆ ಗಟಾರ. ಅವ್ವನ ಮಂಚ ಪಡಸಾಲಿಯಲ್ಲೇ ಇರುತ್ತೆ.

ಅಣ್ಣ ಒಪ್ಪಿದ, ಒಂದು ಪ್ರಶ್ನೆ ಕೇಳಿ: "ವರ್ಷಾ ವರ್ಷಾ ಮಾಳಿಗಿ ಹತ್ತಾವ್ರು ಯಾರು?" ಇಡೀ ವಾದದಲ್ಲಿ ಇದೇ ಸರಿಯಾದ ಪ್ರಶ್ನೆ ಅನಿಸಿತು. ಮೇ ತಿಂಗಳ ಮೊದಲ ವಾರ ರಜೆ ಹಾಕಿದ್ದೇನೆ, ಮುಂದಿನ ವರ್ಷಕ್ಕೂ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.