ಬೇಸಿಗೆ ರಜೆಯಲ್ಲಿ ಹಿಮಾಲಯದ ಹುಲ್ಲುಗಾವಲು ಹಸಿರಾಗಿರುತ್ತದೆಯೇ? ಚಾರಣಕ್ಕೆ ಸರಿಯಾದ ತಿಂಗಳು ಯಾವುದು?

ಏಪ್ರಿಲ್ ಬಂತೆಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಹಸಿರು ಹುಲ್ಲುಗಾವಲು ಮತ್ತು ಅದರ ಹಿಂದೆ ಹಿಮ ಹೊದ್ದ ಶಿಖರ ಇರುವ ಫೋಟೋಗಳು ಓಡಾಡತೊಡಗುತ್ತವೆ. ‘ಮೇ-ಜೂನ್ ಬೆಸ್ಟ್ ಸೀಸನ್, ಬೇಸಿಗೆಯಲ್ಲಿ ಹಿಮಾಲಯ ಸೇಫ್’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಇದರಲ್ಲಿ ಮೊದಲನೆಯ ಮಾತು ಅರ್ಧ ನಿಜ. ಎರಡನೆಯದು ತಪ್ಪು.

ಉತ್ತರಾಖಂಡದಲ್ಲಿ ಈ ಹುಲ್ಲುಗಾವಲುಗಳಿಗೆ ಬುಗ್ಯಾಲ್ ಎನ್ನುತ್ತಾರೆ. ಸುಮಾರು 3,300 ಮೀಟರ್ ದಾಟಿದ ಮೇಲೆ ಮರಗಳು ಬೆಳೆಯುವುದು ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಹುಲ್ಲು, ಅದರ ಮೇಲೆ ಬಂಡೆ, ಹಿಮ. ಉತ್ತರಕಾಶಿ ಜಿಲ್ಲೆಯ ದಯಾರಾ ಬುಗ್ಯಾಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಾರ್ಸು ಅಥವಾ ರೈಥಲ್ ಹಳ್ಳಿಯಿಂದ ಕಾಡಿನ ಹಾದಿಯಲ್ಲಿ ಏರಿದರೆ ಸಿಗುವ ಈ ಜಾಗ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಮದಡಿ ಇರುತ್ತದೆ. ಹಿಮ ಕರಗಿದ ಕೂಡಲೇ ಹುಲ್ಲು ಹಸಿರಾಗುವುದಿಲ್ಲ. ಮೇ ತಿಂಗಳಲ್ಲಿ ಹೋದವರಿಗೆ ಸಾಮಾನ್ಯವಾಗಿ ಕಾಣುವುದು ಒಣಗಿ ಕಂದಾದ ಹುಲ್ಲು, ನಡುವೆ ಅಲ್ಲಲ್ಲಿ ಚಿಗುರು. ನಿಮ್ಮ ಫೋನಿಗೆ ಬರುವ ಆ ಹಸಿರು ಫೋಟೋ ಹೆಚ್ಚಾಗಿ ಜುಲೈ, ಆಗಸ್ಟ್ ಅಥವಾ ಸೆಪ್ಟೆಂಬರ್‌ನದು, ಅಂದರೆ ಮಳೆಗಾಲದ್ದು.

ನಮಗೆ ಈ ಗೊಂದಲ ಆಗುವುದು ಸಹಜ. ಕುದುರೆಮುಖ ಹತ್ತಿದ ಅನುಭವದಿಂದ ಹಿಮಾಲಯವನ್ನು ಅಳೆಯುತ್ತೇವೆ. ಕುದುರೆಮುಖದ ಎತ್ತರ 1,894 ಮೀಟರ್. ಅಲ್ಲಿ ಮಳೆ ಬಂದರೆ ಒದ್ದೆಯಾಗುತ್ತೇವೆ, ಅಷ್ಟೇ. ಆದರೆ ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. 4,000 ಮೀಟರ್ ಎತ್ತರದಲ್ಲಿ ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದರೆ ಮೇ-ಜೂನ್‌ನಲ್ಲೂ ಸುರಿಯುವುದು ಹಿಮವೇ ಆಗಬಹುದು.

ಇದು ಪುಸ್ತಕದ ಮಾತಲ್ಲ. 2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯಿಂದ ಸಹಸ್ರತಾಲ್‌ಗೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದ ಹೆಚ್ಚಿನವರು ಕರ್ನಾಟಕದವರು. 9 ಮಂದಿ ತೀರಿಕೊಂಡರು, 13 ಮಂದಿಯನ್ನು ರಕ್ಷಿಸಲಾಯಿತು. ಆ ಹಾದಿಯೂ ಕುಶಕಲ್ಯಾಣ ಎಂಬ ಬುಗ್ಯಾಲ್ ಮೂಲಕವೇ ಸಾಗುತ್ತದೆ. ಆಗ ಬಯಲುಸೀಮೆಯ ದೆಹಲಿ ಬಿಸಿಗಾಳಿಗೆ ಬೇಯುತ್ತಿತ್ತು. ಕ್ಯಾಲೆಂಡರಿನಲ್ಲಿ ಬೇಸಿಗೆ ಇದ್ದರೆ ಬೆಟ್ಟದ ಮೇಲೂ ಬೇಸಿಗೆ ಇರಬೇಕೆಂದೇನಿಲ್ಲ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಇದಕ್ಕೆ ಸೊನ್ನೆ ಡಿಗ್ರಿ ಚಳಿಯೇ ಬೇಕಿಲ್ಲ. ಒದ್ದೆ ಬಟ್ಟೆ, ಜೋರು ಗಾಳಿ, ದಣಿವು ಮೂರೂ ಸೇರಿದರೆ ಸಾಕು. ಒದ್ದೆಯಾದ ಜೀನ್ಸ್ ಮತ್ತು ಕಾಟನ್ ಬಟ್ಟೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತವೆ. ‘ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ’ ಎಂಬ ಫಾರ್ವರ್ಡ್ ಅಂತೂ ಅಪಾಯಕಾರಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ಹಿಮ ನೋಡುವ ಆಸೆಯಿದ್ದರೆ, ಅನುಭವಿ ಗೈಡ್ ಜೊತೆಗಿದ್ದರೆ, ಚಳಿಗಾಲದ ದಯಾರಾ ಚೆಂದ. ಹೂವು ನೋಡಬೇಕಿದ್ದರೆ ಜುಲೈ-ಆಗಸ್ಟ್ ಬಿಟ್ಟು ಬೇರೆ ಕಾಲವಿಲ್ಲ. ಚಮೋಲಿ ಜಿಲ್ಲೆಯ ಹೂಗಳ ಕಣಿವೆ ಜೂನ್ 1ಕ್ಕೇ ತೆರೆದರೂ ಅರಳುವುದು ಮಳೆಯಲ್ಲಿ. ಆದರೆ ಆಗ ಹುಲ್ಲುಗಾವಲಿಗಿಂತ ಅದನ್ನು ತಲುಪುವ ರಸ್ತೆಯೇ ಅಪಾಯ: ಭೂಕುಸಿತ, ಉಕ್ಕುವ ಹಳ್ಳ, ದಿನಗಟ್ಟಲೆ ಬಂದ್ ಆಗುವ ಹೆದ್ದಾರಿ. ಮೊದಲ ಸಲ ಹೋಗುವವರಿಗೆ ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ದಿನಗಳು. ಮಳೆ ಹಿಂದೆ ಸರಿದಿರುತ್ತದೆ, ಗಾಳಿ ತೊಳೆದಿಟ್ಟಂತೆ ತಿಳಿಯಾಗಿ ಶಿಖರಗಳು ಕಾಣುತ್ತವೆ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಹಸಿರು ಸಿಗದು, ಅಷ್ಟು ನಷ್ಟ ಒಪ್ಪಿಕೊಳ್ಳಬೇಕು. ಆದರೆ ಇದಕ್ಕೂ ಗ್ಯಾರಂಟಿ ಇಲ್ಲ: 2021ರ ಅಕ್ಟೋಬರ್ ಮಧ್ಯದಲ್ಲೇ ಉತ್ತರಾಖಂಡದಲ್ಲಿ ಭಾರಿ ಮಳೆ, ಹಿಮ ಸುರಿದು ಚಾರಣಿಗರು ಸತ್ತರು.

ಆದ್ದರಿಂದ ತಿಂಗಳು ನೋಡಿ ಟಿಕೆಟ್ ಮಾಡಿ, ಮುನ್ಸೂಚನೆ ನೋಡಿ ಬೆಟ್ಟ ಹತ್ತಿ. ಭಾರತೀಯ ಹವಾಮಾನ ಇಲಾಖೆಯ ಡೆಹ್ರಾಡೂನ್ ಕೇಂದ್ರ ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. ಆರೆಂಜ್ ಅಥವಾ ರೆಡ್ ಇದ್ದರೆ ಕೆಳಗೇ ಉಳಿಯಿರಿ. ಇದಕ್ಕಾಗಿ ಪ್ಲಾನ್‌ನಲ್ಲಿ ಎರಡು ದಿನ ಖಾಲಿ ಬಿಟ್ಟಿರಬೇಕು. ವಾಪಸ್ ವಿಮಾನದ ಟಿಕೆಟ್ ಮರುದಿನಕ್ಕೇ ಇದ್ದರೆ ‘ಹೇಗೋ ಹತ್ತಿ ಬಂದುಬಿಡೋಣ’ ಎಂಬ ಆತುರ ಹುಟ್ಟುತ್ತದೆ. 2,500 ಮೀಟರ್ ದಾಟಿದರೆ ಯುವಕರಿಗೂ ಎತ್ತರದ ಕಾಯಿಲೆ ಬರಬಹುದು, ಆ ಖಾಲಿ ದಿನ ಅದಕ್ಕೂ ಒದಗುತ್ತದೆ.

ಇನ್ನೊಂದು ವಿಷಯ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳ ಮೇಲೆ ರಾತ್ರಿ ತಂಗುವುದನ್ನು ನಿಷೇಧಿಸಿ ಆದೇಶ ನೀಡಿತು. ಹುಲ್ಲುಗಾವಲಿನ ನಡುವೆ ಸಾಲಾಗಿ ಟೆಂಟ್ ಹಾಕಿದ ಜಾಹೀರಾತು ನಿಮಗೆ ಬಂದರೆ, ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ಕ್ಯಾಂಪ್ ನಿಜಕ್ಕೂ ಎಲ್ಲಿ, ಅರಣ್ಯ ಇಲಾಖೆಯ ಪರ್ಮಿಟ್ ಯಾರ ಹೆಸರಿನಲ್ಲಿದೆ?