ಮೊದಲ ಕ್ರೈಸ್ತರೂ ಅವರ ಮೃತರೂ

ಕ್ರಿ. ಶ. 177ರಲ್ಲಿ ಗಾಲ್ ದೇಶದ ಲಿಯಾನ್ ನಗರದಲ್ಲಿ ನಡೆದ ಒಂದು ಕೃತ್ಯದಿಂದ ನಮ್ಮ ಈ ಹೊತ್ತಿನ ಮಾತನ್ನು ಮೊದಲುಮಾಡಬಹುದು. ಆ ವರ್ಷ ಅಲ್ಲಿನ ಕ್ರೈಸ್ತರಿಗೆ ಘೋರವಾದ ಹಿಂಸೆಯೊದಗಿತು. ಕೆಲವರು ಸೆರೆಮನೆಯಲ್ಲಿಯೇ ಉಸಿರುಗಟ್ಟಿ ಸತ್ತರು. ಕೆಲವರನ್ನು ಮೃಗಗಳ ಬಾಯಿಗೆ ಕೊಟ್ಟರು. ಅಷ್ಟಕ್ಕೂ ತೃಪ್ತರಾಗದೆ ಹಿಂಸಕರು ಅವರ ದೇಹಗಳನ್ನು ಯಾರೂ ಒಯ್ಯದಂತೆ ಕಾವಲಿರಿಸಿ, ಆರು ದಿನ ಬಯಲಿನಲ್ಲಿ ಬಿಟ್ಟು, ಅನಂತರ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿದರು. ಸತ್ತವರ ಮೇಲೆ ಇಷ್ಟು ಹಗೆ ಏಕೆ? ಉಳಿದ ಕ್ರೈಸ್ತರು ಏಷ್ಯಾ ಪ್ರಾಂತದ ಸಹೋದರರಿಗೆ ಬರೆದ ಕಾಗದವನ್ನು ಚರಿತ್ರಕಾರನಾದ ಯುಸೀಬಿಯಸನು ಉಳಿಸಿಕೊಟ್ಟಿದ್ದಾನೆ. ಕಾರಣವು ಅದರಲ್ಲಿಯೇ ಇದೆ. ಈ ಜನರು ಮರಣಕ್ಕೆ ಅಂಜದಿರುವುದು ಮತ್ತೆ ಎದ್ದುಬರುವೆವೆಂಬ ಭರವಸೆಯಿಂದ. ದೇಹವನ್ನೇ ಇಲ್ಲವಾಗಿಸಿದರೆ ಆ ಭರವಸೆಯ ಬೇರನ್ನೇ ಕಿತ್ತಂತಾಯಿತು ಎಂಬುದು ಹಿಂಸಕರ ಎಣಿಕೆಯಾಗಿದ್ದಿತು.

ಎಣಿಕೆ ತಪ್ಪಾಯಿತು, ನಿಜ. ಆದರೆ ಕ್ರೈಸ್ತರ ನಂಬಿಕೆಯ ಸ್ವರೂಪವನ್ನು ಅವರು ಚೆನ್ನಾಗಿಯೇ ಗ್ರಹಿಸಿದ್ದರೆಂದು ನಾವು ಒಪ್ಪಬೇಕು. ದೇಹವು ಕಳಚಿ ಬಿಸುಡುವ ಹಳೆಯ ಬಟ್ಟೆ, ಆತ್ಮವೊಂದೇ ನಿತ್ಯ ಎಂಬ ಭಾವನೆಯಲ್ಲಿ ಬೆಳೆದ ನಮ್ಮ ನಾಡಿನ ಶ್ರೋತೃಗಳಿಗೆ ಪುನರುತ್ಥಾನವೆಂಬ ಮಾತು ಸ್ವಲ್ಪ ವಿಚಿತ್ರವಾಗಿ ತೋರಬಹುದು. ಗ್ರೀಕರಿಗೂ ಹಾಗೆಯೇ ತೋರಿತು. ಪೌಲನು ಅಥೆನ್ಸ್ ನಗರದಲ್ಲಿ ಮಾತನಾಡಿದಾಗ, ಸತ್ತವರು ಏಳುವರೆಂಬ ಮಾತಿಗೆ ಬರುತ್ತಲೇ ಕೆಲವರು ನಕ್ಕುಬಿಟ್ಟರಷ್ಟೆ. ಕೊರಿಂಥದ ಸಭೆಯೊಳಗೂ ಅದನ್ನು ಒಪ್ಪದವರಿದ್ದರು. ಅವರಿಗೆ ಪೌಲನು ಸುಮಾರು 55ರಲ್ಲಿ ಬರೆದ ಪತ್ರದ ಹದಿನೈದನೆಯ ಅಧ್ಯಾಯವೆಲ್ಲ ಇದೇ ವಾದ. ನೆಲಕ್ಕೆ ಬಿದ್ದ ಬೀಜವು ಬೇರೊಂದು ರೂಪಿನಲ್ಲಿ ಮೊಳೆವಂತೆ ಈ ದೇಹವೂ ಏಳುವುದು ಎನ್ನುತ್ತಾನೆ. ಹಾಗೆಂದು ಮುಗಿಸಿ, ಮರು ಉಸಿರಿಗೆ ಅವನು ಎತ್ತುವ ವಿಷಯ ಯಾವುದು? ಜೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವುದು! ವಾರದ ಮೊದಲನೆಯ ದಿನ, ಎಂದರೆ ಕ್ರಿಸ್ತನು ಎದ್ದನೆಂದು ಅವರು ನಂಬಿದ ದಿನ, ಪ್ರತಿಯೊಬ್ಬನೂ ತನ್ನಲ್ಲಿರುವುದರಲ್ಲಿ ಒಂದಿಷ್ಟನ್ನು ತೆಗೆದಿಡಬೇಕು. ಅಧ್ಯಾಯಗಳ ವಿಂಗಡಣೆ ಬಹು ಶತಮಾನಗಳ ತರುವಾಯ ಬಂದುದು. ಪೌಲನ ಕಾಗದದಲ್ಲಿ ಈ ಎರಡು ಮಾತುಗಳ ನಡುವೆ ಗೆರೆಯಿಲ್ಲ.

ದೇಹವು ಉಳಿದರೆ ಮಾತ್ರ ಪುನರುತ್ಥಾನವೆಂದು ಕ್ರೈಸ್ತರು ತಿಳಿದಿದ್ದರೆ ಲಿಯಾನಿನ ಹಿಂಸಕರೇ ಗೆದ್ದಂತಾಗುತ್ತಿತ್ತು. ಬೂದಿಯಾದರೂ ನೀರಿನಲ್ಲಿ ಕರಗಿದರೂ ದೇವರಿಗೆ ಅದು ಕಳೆದುಹೋಗದೆಂದು ಮಿನೂಷಿಯಸ್ ಫೆಲಿಕ್ಸನು ತನ್ನ ‘ಆಕ್ಟೇವಿಯಸ್’ ಎಂಬ ಸಂವಾದದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಹೂಳುವುದು ಹಳೆಯ, ಮೇಲಾದ ಪದ್ಧತಿಯೆಂದು ಮಾತ್ರ ಅದನ್ನು ಅನುಸರಿಸುವುದಂತೆ. ಹಾಗಾದಲ್ಲಿ ಸತ್ತವರಿಗಾಗಿ ಅಷ್ಟು ಶ್ರಮವೇಕೆಂದು ಕೇಳಬಹುದು. ದೇಹವು ಎಸೆಯತಕ್ಕ ಪದಾರ್ಥವಲ್ಲ, ಎತ್ತಲ್ಪಡತಕ್ಕದ್ದು ಎಂದು ಒಮ್ಮೆ ಮನಸ್ಸಿಗೆ ನಾಟಿದಮೇಲೆ, ಅದು ಯಾರ ದೇಹವೇ ಆಗಲಿ, ಅಲಕ್ಷ್ಯಮಾಡುವುದು ಕಷ್ಟವಾಗುತ್ತದೆಂದು ನಮಗೆ ತೋರುತ್ತದೆ. ಎರಡನೆಯ ಶತಮಾನದಲ್ಲಿ ರೋಮನರೆಲ್ಲರೂ ದಹನವನ್ನು ಬಿಟ್ಟು ಹೂಳುವುದಕ್ಕೆ ತಿರುಗುತ್ತಲಿದ್ದರು; ಆ ಬದಲಾವಣೆಯ ಕೀರ್ತಿಯನ್ನು ಕ್ರೈಸ್ತರಿಗೆ ಕೊಡುವುದು ಸಲ್ಲದು. ಅವರದಾಗಿದ್ದುದು ಬೇರೊಂದು.

ಅದನ್ನು ಕಾಣಲು ರೋಮಿನ ನೆಲದಡಿಗೆ ಇಳಿಯಬೇಕು. ಊರೊಳಗೆ ಹೆಣ ಹೂಳಬಾರದೆಂದು ಹಳೆಯ ಕಾನೂನು. ಆದುದರಿಂದ ಅಪ್ಪಿಯನ್ ಮೊದಲಾದ ಹೆದ್ದಾರಿಗಳ ಬದಿಯಲ್ಲಿ ಗೋರಿಗಳು. ಅಲ್ಲಿನ ಟೂಫಾ ಎಂಬ ಕಲ್ಲು ಅಗೆಯುವಾಗ ಮೆತ್ತಗೆ, ಗಾಳಿ ತಗಲಿದರೆ ಗಟ್ಟಿ. ಯೆಹೂದ್ಯರೂ ಇಂತಹ ಸುರಂಗಗಳನ್ನು ತೋಡಿದ್ದರು. ಕ್ರೈಸ್ತರು ಇವುಗಳಲ್ಲಿ ಅಡಗಿ ವಾಸಿಸುತ್ತಿದ್ದರೆಂಬುದು ಕಾದಂಬರಿಕಾರರಿಗೆ ಪ್ರಿಯವಾದ ಕಥೆಯೇ ಹೊರತು ಚರಿತ್ರೆಯಲ್ಲ. ಸುಮಾರು 199ರಲ್ಲಿ ಬಿಷಪ್ ಜೆಫಿರಿನಸನು ಇಂತಹ ಒಂದು ಸ್ಥಳದ ಆಡಳಿತವನ್ನು ಕಲ್ಲಿಸ್ಟಸನಿಗೆ ವಹಿಸಿದನು. ಈತನು ಹಿಂದೆ ಗುಲಾಮನಾಗಿದ್ದು, ಸಾರ್ಡೀನಿಯದ ಗಣಿಗಳಲ್ಲಿ ಶಿಕ್ಷೆ ಅನುಭವಿಸಿ ಬಂದವನು. ಮುಂದೆ ತಾನೇ ಬಿಷಪ್ಪನಾದನು. ಹಿಪ್ಪೊಲಿಟಸನ ಹೆಸರಿನಲ್ಲಿ ನಡೆದುಬಂದಿರುವ ಒಂದು ನಿಯಮಾವಳಿಯಲ್ಲಿ, ಹೂಳುವುದಕ್ಕೆ ಹೆಚ್ಚು ಹಣ ಕೇಳಬಾರದು, ಅದು ಬಡವರೆಲ್ಲರ ಸ್ಥಳ, ಅಗೆದವನ ಕೂಲಿ ಮತ್ತು ಹೆಂಚಿನ ಬೆಲೆ ಮಾತ್ರ ತೆಗೆದುಕೊಳ್ಳತಕ್ಕದ್ದು ಎಂದಿದೆ. ಹೆಂಚಿನ ಬೆಲೆ! ಈ ಒಂದು ಮಾತು ನಮಗೆ ಅನೇಕ ಧರ್ಮೋಪದೇಶಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ.

ಅವರು ಬಳಸಿದ ಪದಗಳನ್ನೂ ಗಮನಿಸಬೇಕು. ಆ ಸ್ಥಳಕ್ಕೆ ಗ್ರೀಕಿನಲ್ಲಿ ‘ಕೊಯಿಮೆಟೀರಿಯೊನ್’, ಎಂದರೆ ಮಲಗುವ ಮನೆ, ಎಂದು ಹೆಸರಿಟ್ಟರು. ಇಂಗ್ಲಿಷಿನ ‘ಸೆಮೆಟರಿ’ ಇದರಿಂದಲೇ ಬಂದಿತು. ಗೋರಿಯ ಮೇಲೆ ಲ್ಯಾಟಿನ್ನಿನಲ್ಲಿ ‘ಡೆಪೊಸಿಟಸ್’ ಎಂದು ಬರೆದರು: ಒಪ್ಪಿಸಿಟ್ಟದ್ದು, ಮರಳಿ ಪಡೆಯತಕ್ಕದ್ದು. ನಮ್ಮ ಕಡೆಯ ಇಡುಗಂಟಿನಂತೆ ಎನ್ನೋಣ.

ಸತ್ತವರಿಗೆ ಸಲ್ಲುವ ಈ ಗೌರವವು ಸಾಯುತ್ತಿರುವವರಿಗೂ ಹಸಿದವರಿಗೂ ಹಬ್ಬಿತು. ಸುಮಾರು 197ರಲ್ಲಿ ಕಾರ್ಥೇಜಿನ ಟರ್ಟುಲಿಯನ್ನನು, ತಮ್ಮ ಸಭೆಯ ಪೆಟ್ಟಿಗೆಗೆ ಪ್ರತಿಯೊಬ್ಬನೂ ತಿಂಗಳಿಗೊಮ್ಮೆ ಇಷ್ಟಬಂದಷ್ಟು ಹಾಕುವನೆಂದೂ, ಆ ಹಣ ಬಡವರ ಊಟಕ್ಕೂ ಹೂಳಿಕೆಗೂ, ಅನಾಥ ಮಕ್ಕಳಿಗೂ, ಮುದುಕರಿಗೂ, ಹಡಗೊಡೆದು ನೆಲೆಗೆಟ್ಟವರಿಗೂ ಹೋಗುವುದೆಂದೂ ಬರೆದನು. ಸುಮಾರು 250ರಿಂದ ಸಾಮ್ರಾಜ್ಯವನ್ನು ಮಹಾಮಾರಿಯೊಂದು ಸುತ್ತಿದಾಗ ಅಲೆಗ್ಸಾಂಡ್ರಿಯದ ಕ್ರೈಸ್ತರು ರೋಗಿಗಳ ಬಳಿ ಕುಳಿತರು, ಸತ್ತವರ ಕಣ್ಣು ಬಾಯಿ ಮುಚ್ಚಿ, ಮೈ ತೊಳೆದು, ಬಟ್ಟೆ ಹೊದಿಸಿದರು. ಸ್ವಲ್ಪ ದಿನಗಳಲ್ಲಿ ಅವರಿಗೂ ಅದೇ ಸೇವೆ ಬೇಕಾಯಿತು. ಅನ್ಯರು ಜೀವವಿರುವಾಗಲೇ ತಮ್ಮವರನ್ನು ಬೀದಿಗೆ ನೂಕಿದರೆಂದೂ ಬಿಷಪ್ ಡಯೊನೀಸಿಯಸನು ಹೇಳುತ್ತಾನೆ. ಬಿಷಪ್ಪನು ತನ್ನವರನ್ನು ಹೊಗಳುವುದು ಸಹಜ. ಅನ್ಯರಲ್ಲಿಯೂ ತಾಯಂದಿರಿದ್ದರು, ಮಕ್ಕಳ ಹಾಸಿಗೆಯ ಬಳಿ ಅವರೂ ಕುಳಿತಿರಬೇಕು. ಆದರೂ ತನ್ನವರಲ್ಲಿ ಸತ್ತವರನ್ನು ಕುರಿತ ಅವನ ಮಾತನ್ನು ಅಲ್ಲಗಳೆಯಲು ನಮಗೆ ಕಾರಣ ತೋರದು.

ಈ ನಂಬಿಕೆ ಮಾಡದೆ ಬಿಟ್ಟುದೂ ಉಂಟು. ಕ್ರೈಸ್ತರ ಗೋರಿಬರಹಗಳಲ್ಲಿ ಗುಲಾಮನೆಂಬ ಮಾತು ವಿರಳ; ಆದರೆ ಯಜಮಾನನ ಮನೆಯಲ್ಲಿ ಬದುಕಿರುವ ಗುಲಾಮನು ಗುಲಾಮನಾಗಿಯೇ ಉಳಿದನು. ಸುರಂಗದಲ್ಲಿಯೂ ಹಣವಂತರಿಗೆ ಚಿತ್ರ ಬರೆದ ಕೋಣೆ, ಬಡವರಿಗೆ ಗೋಡೆಯ ಗೂಡು.

ಹಗೆಗಳ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಹಳೆಯ ದೇವತೆಗಳನ್ನು ಮತ್ತೆ ನಿಲ್ಲಿಸಲು ಯತ್ನಿಸಿದ ಚಕ್ರವರ್ತಿ ಜೂಲಿಯನ್ನನು 362ರಲ್ಲಿ ಗಲೇಷಿಯದ ಪ್ರಧಾನ ಅರ್ಚಕನಿಗೆ ಬರೆದನೆನ್ನುವ ಪತ್ರದಲ್ಲಿ, ಕ್ರೈಸ್ತರು ಬೆಳೆದುದಕ್ಕೆ ಪರದೇಶಿಗಳಿಗೆ ಮಾಡುವ ಉಪಚಾರ ಮತ್ತು ಮೃತರ ಗೋರಿಗಳ ವಿಷಯದಲ್ಲಿ ತೋರುವ ಆಸ್ಥೆ ಕಾರಣವೆಂದು ಸಿಡುಕಿ, ಊರೂರಿನಲ್ಲಿ ಛತ್ರ ಕಟ್ಟಿಸೆಂದು ಆಜ್ಞಾಪಿಸಿದ್ದಾನೆ. ಪತ್ರವು ಅವನದೇ ಹೌದೆ ಎಂದು ಈಚಿನ ಕೆಲವು ಪಂಡಿತರು ಶಂಕಿಸಿರುವುದುಂಟು. ಗೋರಿಗಳಾದರೋ ಇಂದಿಗೂ ಕಣ್ಣಿಗೆ ಕಾಣುತ್ತವೆ.

ರೋಮಿನ ಡೊಮಿಟಿಲ್ಲ ಸುರಂಗದಲ್ಲಿ ಅದೇ ನಾಲ್ಕನೆಯ ಶತಮಾನದ ಚಿತ್ರವೊಂದಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಗೋಡೆಯಿಂದ ಬಿಡಿಸಹೋಗಿ ಕೆಡಿಸಿದರು. ಅಚ್ಚಾದ ನಕಲೊಂದರಿಂದ ಅದರ ರೂಪವನ್ನು ತಿಳಿಯಬಹುದು. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ದೀಪ, ಕಾಲ ಬಳಿ ಉಳಿದ ಸಲಕರಣೆಗಳು. ಡಯೋಜೆನಿಸ್ ಎಂಬ ಗೋರಿ ಅಗೆಯುವವನು ಅವನು. ಜೀವಮಾನವೆಲ್ಲ ಪರರಿಗಾಗಿ ಅಗೆದ ಆ ಕೂಲಿಯವನ ತಲೆಯ ಮೇಲೂ ಬರೆದಿದ್ದುದು ಅದೇ ಮಾತು: ಶಾಂತಿಯಲ್ಲಿ ಒಪ್ಪಿಸಿಡಲ್ಪಟ್ಟವನು.